ಯಾವ ದೇಶದ ಹನ್ನೆರಡು

ಪಟ್ಟಿ ಮಾಸ್ತರನಿಗೆ ಆ ಹೆಸರು ಬಂದದ್ದು ಅವನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದ ಅಳತೆ ಪಟ್ಟಿಯಿಂದ. ಆಳೆತ್ತರದ ಹಾಳೆ. ಎಡಗಡೆ ಇಂಚು, ಬಲಗಡೆ ಸಾಲಾಗಿ ದೇಶಗಳು. ಕಾರ್ಖಾನೆ ಹೊಲಿಯುತ್ತಿದ್ದದ್ದು ಜೀನ್ಸ್, ಅದರಲ್ಲೂ ಹೆಚ್ಚಿನಂಶ ಹೆಂಗಸರದ್ದು. ಹೊಲಿದ ಪ್ಯಾಂಟಿನ ಸೊಂಟದ ಒಳಗೆ ಯಾವ ಅಂಕಿಯ ಚೀಟಿ ಕೂರಬೇಕು ಎಂದು ಹೇಳುವುದು ಇವನ ಕೆಲಸ. ನೋಡಲು ಸುಲಭ, ಮಾಡಲು ಹೋದರೆ ತಲೆ ಗಿರ್ರೆನ್ನುತ್ತದೆ. ಒಂದೇ ಕತ್ತರಿಗೆ ಸಿಕ್ಕಿ, ಒಂದೇ ದಾರದಲ್ಲಿ ಹೊಲಿಸಿಕೊಂಡ ಪ್ಯಾಂಟು ಇಂಗ್ಲೆಂಡಿನ ಪೆಟ್ಟಿಗೆಗೆ ಬಿದ್ದರೆ ಹನ್ನೆರಡು, ಅಮೆರಿಕದ ಪೆಟ್ಟಿಗೆಗೆ ಬಿದ್ದರೆ ಎಂಟು, ಜರ್ಮನಿಗೆ ಮೂವತ್ತೆಂಟು, ಫ್ರಾನ್ಸಿಗೆ ನಲವತ್ತು, ಇಟಲಿಗೆ ನಲವತ್ತನಾಲ್ಕು. "ಸೊಂಟ ಒಂದೇ. ಗಡಿ ದಾಟಿದ ಕೂಡಲೆ ಹೆಸರು ಬದಲಾಯಿಸಿಕೊಳ್ಳುತ್ತೆ, ಸಾಲಗಾರನ ಹಾಗೆ" ಎಂದು ಅವನು ಹೊಸಬರಿಗೆ ಪಾಠ ಹೇಳುತ್ತಿದ್ದ.

ಅದರ ಮೇಲೆ ಕಂಪನಿಗಳ ಕಿಲಾಡಿತನ ಬೇರೆ. ಕೆಲವರು ಒಂದೆರಡು ಇಂಚು ದೊಡ್ಡದಾಗಿಯೇ ಹೊಲಿಸಿ, ಚಿಕ್ಕ ನಂಬರಿನ ಚೀಟಿ ಹಾಕಿಸುತ್ತಿದ್ದರು. ಕೊಳ್ಳುವವಳು ಅಂಗಡಿಯ ಕನ್ನಡಿಯೆದುರು ನಿಂತು, ಪರವಾಗಿಲ್ಲ, ನಾನಿನ್ನೂ ತೆಳ್ಳಗೇ ಇದ್ದೇನೆ ಎಂದು ಹಿಗ್ಗಿ ದುಡ್ಡು ಕೊಡಲಿ ಅಂತ. ಕಾರ್ಖಾನೆಯವರು ಇದಕ್ಕೆ ಮುಖಸ್ತುತಿ ಅಳತೆ ಎಂದು ಹೆಸರಿಟ್ಟಿದ್ದರು. ಯಾವ ಕಂಪನಿ ಎಷ್ಟು ಇಂಚು ಮುಖಸ್ತುತಿ ಮಾಡುತ್ತದೆ ಎನ್ನುವುದು ಮಾಸ್ತರನಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಿಂದ ಒಂದು ಚೀಟಿಯೂ ತಪ್ಪು ಪ್ಯಾಂಟಿಗೆ ಬಿದ್ದಿರಲಿಲ್ಲ. ತಪ್ಪಾದದ್ದು ಮನೆಯಲ್ಲಿ. ಅದೂ ಪ್ರೀತಿಯಿಂದ ಆದ ತಪ್ಪು. ಅಂಥ ತಪ್ಪಿಗೆ ಬೈಯುವವರು ಯಾರೂ ಇರುವುದಿಲ್ಲ, ಆದ್ದರಿಂದ ಅದು ಆರಾಮವಾಗಿ ಬೆಳೆಯುತ್ತದೆ.

ಅವನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಆ ಕಡೆಯೂ ಒಂದು ಬ್ರೇಕ್ ಇರುವ ಕಾರಿನಲ್ಲಿ, ದಿನಕ್ಕೆ ಎಂಟು ಗಂಟೆ ಊರಿನ ಬೀದಿಗಳನ್ನು ಸುತ್ತುವ ಕೆಲಸ. ಹತ್ತಿ ಇಳಿದು, ಗಾಡಿ ತಳ್ಳಿ, ಬಾನೆಟ್ಟು ಎತ್ತಿ ನೋಡುವ ಹೆಂಗಸು ಜೀನ್ಸ್ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಮೇಲೊಂದು ಉದ್ದನೆಯ ಸಡಿಲ ಶರ್ಟು. ಜೀನ್ಸನ್ನು ಅವಳು ಅಂಗಡಿಯಲ್ಲಿ ಕೊಂಡವಳೇ ಅಲ್ಲ. "ಗಂಡ ಜೀನ್ಸ್ ಕಾರ್ಖಾನೇಲಿ ಇದ್ದು ನಾನು ಅಂಗಡಿಗೆ ಹೋದ್ರೆ ನಾಲ್ಕು ಜನ ನಗಲ್ವಾ?" ಎನ್ನುತ್ತಿದ್ದಳು. ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಮೂರು ತಿಂಗಳಿಗೊಮ್ಮೆ ಪ್ರತಿ ಕೆಲಸಗಾರನೂ ಸೆಕೆಂಡ್ಸ್ ರಾಶಿಯಿಂದ, ಅಂದರೆ ಹೊಲಿಗೆ ಸೊಟ್ಟಗಾದ, ಕಲೆ ಬಿದ್ದ, ಜಿಪ್ಪು ಹಟ ಹಿಡಿದ ಮಾಲಿನಿಂದ, ಒಂದು ಪ್ಯಾಂಟು ಆರಿಸಿಕೊಂಡು ಹೋಗಬಹುದು. ಕಂಪನಿಯ ಹೆಸರಿನ ಪಟ್ಟಿಯನ್ನು ಕತ್ತರಿಸಿ ತೆಗೆಯುತ್ತಿದ್ದರು. ಅಳತೆಯ ಚೀಟಿ ಮಾತ್ರ ಉಳಿಯುತ್ತಿತ್ತು. ಚೀಟಿಯ ಮೇಲೆ ಬರೀ ಅಂಕಿ, ಯಾವ ದೇಶದ್ದು ಎಂದು ಇರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಅವಳ ನಂಬರು ಹನ್ನೆರಡು. ಇಂಗ್ಲೆಂಡಿನ ಹನ್ನೆರಡು, ಮೂವತ್ತು ಇಂಚು. ಮಗಳು ಹುಟ್ಟಿ ಆರು ತಿಂಗಳಾಗಿ, ಅವಳು ಕೆಲಸಕ್ಕೆ ಮರಳಬೇಕಾದ ದಿನ, ಆ ಪ್ಯಾಂಟು ತೊಡೆಯಿಂದ ಮೇಲೆ ಬರಲೊಲ್ಲದು. ಮಂಚದ ಮೇಲೆ ಅಂಗಾತ ಮಲಗಿ, ಉಸಿರು ಬಿಗಿಹಿಡಿದು, ಗುಂಡಿಗೂ ತೂತಿಗೂ ಸಂಧಾನ ಮಾಡಿಸಲು ಹೆಣಗಿದಳು. "ನಾನು ಡೋಲಾಗ್ಬಿಟ್ಟೆ ಕಣ್ರೀ" ಎಂದು ನಗುತ್ತಾ ಶುರು ಮಾಡಿದವಳು ಅಳುವುದರಲ್ಲಿ ಮುಗಿಸಿದಳು. ಆ ದಿನ ಹಳೆಯ ಪೈಜಾಮವೊಂದನ್ನು ಹಾಕಿಕೊಂಡು ಹೋದಳು. ಮಾಸ್ತರನಿಗೆ ಇಡೀ ದಿನ ಆ ಅಳು ಕಿವಿಯಲ್ಲೇ ಇತ್ತು.

ಸಂಜೆ ಅವನು ಸೆಕೆಂಡ್ಸ್ ರಾಶಿಯಿಂದ ಅಮೆರಿಕದ ಹನ್ನೆರಡೊಂದನ್ನು ಆರಿಸಿ ತಂದ. ಅಮೆರಿಕದ ಹನ್ನೆರಡೆಂದರೆ ಇಂಗ್ಲೆಂಡಿನಲ್ಲಿ ಹದಿನಾರು, ಮೂರು ಇಂಚು ದೊಡ್ಡದು. ಬಾಯಿಬಿಟ್ಟು ಒಂದು ಸುಳ್ಳನ್ನೂ ಅವನು ಹೇಳಲಿಲ್ಲ. "ಇದನ್ನ ಹಾಕಿ ನೋಡು" ಅಂದ, ಅಷ್ಟೆ. ಅವಳು ಮೊದಲು ಚೀಟಿ ನೋಡಿದಳು. ಹನ್ನೆರಡು. ಹಾಕಿಕೊಂಡಳು. ಬೆಣ್ಣೆಯೊಳಗಿಂದ ಕೂದಲು ತೆಗೆದಷ್ಟು ಸಲೀಸಾಗಿ ಗುಂಡಿ ಬಿತ್ತು. ಕನ್ನಡಿಯೆದುರು ಹಿಂದೆ ತಿರುಗಿ, ಮುಂದೆ ತಿರುಗಿ, "ಹಳೇದು ಒಗೆದೂ ಒಗೆದೂ ಕುಗ್ಗಿತ್ತು ಅಂತ ಕಾಣುತ್ತೆ" ಎಂದು ತಾನೇ ಕಾರಣವನ್ನೂ ಹುಡುಕಿಕೊಟ್ಟಳು. ಅವನು ತಲೆ ಆಡಿಸಿದ. ತಲೆ ಆಡಿಸುವುದು ಸುಳ್ಳಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿದವರು ಹೇಳಬೇಕು.

ಅಲ್ಲಿಂದ ಅದು ಅಭ್ಯಾಸವಾಯಿತು. ಮಗಳು ನಡೆಯಲು ಕಲಿತ ವರ್ಷ ಅವಳ ಸೊಂಟ ಸ್ವಲ್ಪ ಇಳಿಯಿತು. ಆಗ ಇಂಗ್ಲೆಂಡಿನವರೇ ಹೊಲಿಸುವ ಮುಖಸ್ತುತಿ ಹನ್ನೆರಡನ್ನು ತಂದ. ಮೂವತ್ತು ದಾಟಿ ಮತ್ತೆ ಏರಿತು. ಅಮೆರಿಕದ್ದು ತಂದ. ನಲವತ್ತರ ಹೊಸ್ತಿಲಲ್ಲಿ ಇನ್ನೂ ಏರಿತು. ಅಮೆರಿಕದ ಮುಖಸ್ತುತಿ ಹನ್ನೆರಡು ತಂದ, ಅದು ಮೂವತ್ತೈದು ಇಂಚು. ಹೀಗೆ ನಾಲ್ಕು ಮೆಟ್ಟಿಲಿನ ಏಣಿ. ಅವಳು ಯಾವ ಮೆಟ್ಟಿಲ ಮೇಲಿದ್ದರೂ ಚೀಟಿ ಹನ್ನೆರಡೇ. ಟೇಪು ಕೂಡ ಬೇಕಿರಲಿಲ್ಲ. ಬೆಳಗ್ಗೆ ಅವಳು ಬೂಟಿನ ದಾರ ಕಟ್ಟಲು ಬಗ್ಗಿದಾಗ ಪ್ಯಾಂಟಿನ ಪಟ್ಟಿ ಬೆನ್ನಿನ ಹತ್ತಿರ ಎಷ್ಟು ಬಾಯಿ ಬಿಡುತ್ತದೆ, ಎಷ್ಟು ಕಚ್ಚುತ್ತದೆ ಎಂದು ನೋಡಿಯೇ ಅವನು ಅರ್ಧ ಇಂಚಿನವರೆಗೆ ಹೇಳಬಲ್ಲವನಾಗಿದ್ದ. ಆ ಕಣ್ಣಳತೆಯ ಬಗ್ಗೆ ಅವನಿಗೆ ಒಳಗೊಳಗೇ ಕೋಡು.

ಅವಳಿಗೋ ಹನ್ನೆರಡರ ಬಗ್ಗೆ ಕೋಡು. ಡ್ರೈವಿಂಗ್ ಶಾಲೆಯ ಹೆಂಗಸರ ಮುಂದೆ, "ಒಂದು ಹೆತ್ತು ಹದಿನೆಂಟು ವರ್ಷ ಆಯ್ತು. ನಂಬರು ಅಲ್ಲಾಡಿಲ್ಲ" ಎಂದು ಶರ್ಟು ಎತ್ತಿ ಚೀಟಿ ತೋರಿಸಿದ್ದುಂಟು. ಒಮ್ಮೆ ಅವನ ತಂಗಿ ಬಂದಾಗ ಅದೇ ಮಾತು ಬಂತು. ತಂಗಿ ಅತ್ತಿಗೆಯ ನಡುವನ್ನೊಮ್ಮೆ ನೋಡಿ, "ಕಣ್ಣು ಒಂದು ಹೇಳುತ್ತೆ, ಚೀಟಿ ಇನ್ನೊಂದು ಹೇಳುತ್ತೆ ಅತ್ತಿಗೆ" ಅಂದಳು. "ಹೊಟ್ಟೆಕಿಚ್ಚಿಗೆ ನಂಬರಿಲ್ಲ ಬಿಡು" ಎಂದು ಇವಳು ನಗುತ್ತಲೇ ಬಾಯಿ ಮುಚ್ಚಿಸಿದಳು. ಪಕ್ಕದಲ್ಲಿ ಕೂತು ಪೇಪರು ಓದುತ್ತಿದ್ದ ಮಾಸ್ತರ ಪುಟ ತಿರುಗಿಸಿದ. ಮೊದಲ ವರ್ಷವೇ ಹೇಳಿಬಿಟ್ಟಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಐದನೇ ವರ್ಷ ಹೇಳಿದ್ದರೆ ಒಂದು ವಾರ ಮಾತು ಬಿಡುತ್ತಿದ್ದಳು. ಹದಿನೆಂಟನೇ ವರ್ಷ ಹೇಳಿದರೆ, ಅವಳು ಇಷ್ಟು ಜನರ ಮುಂದೆ ಆಡಿದ ಅಷ್ಟೂ ಜಂಬದ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡ ಹಾಗೆ. ಅವನಿಗೆ ಅಷ್ಟು ಧೈರ್ಯ ಇರಲಿಲ್ಲ.

ಮಗಳು ಬೇರೆ ಊರಿಗೆ ಓದಲು ಹೋಗಿ ಹಾಸ್ಟೆಲ್ಲು ಸೇರಿದ ವರ್ಷ ಏಣಿ ಕೆಳಮುಖವಾಯಿತು.

ಕಾರಿನಿಂದ ಇಳಿಯುವಾಗ ಅವಳು ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳುವುದು ಅವನ ಕಣ್ಣಿಗೆ ಬಿತ್ತು. "ಯಾಕೋ ಸಡಿಲ ಆಗಿದೆ ಕಣ್ರೀ" ಅಂದಳು. "ಜೀನ್ಸ್ ಬಟ್ಟೆ ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ" ಅಂದ. ಅದೇನೂ ಸುಳ್ಳಲ್ಲ, ಬಿಟ್ಟುಕೊಳ್ಳುತ್ತದೆ. ಸೆಕೆಂಡ್ಸ್ ಆರಿಸಿಕೊಳ್ಳುವ ಆ ಸಲದ ಪಾಳಿಯಲ್ಲಿ ಮುಖಸ್ತುತಿಯನ್ನು ಬಿಟ್ಟು ಬರೀ ಅಮೆರಿಕದ ಹನ್ನೆರಡು ತಂದ. ಸರಿಯಾಗಿ ಕೂತಿತು. ಮೂರು ತಿಂಗಳಲ್ಲಿ ಅದೂ ಬಾಯಿ ಬಿಟ್ಟಿತು. ಇಂಗ್ಲೆಂಡಿನ ಮುಖಸ್ತುತಿ ಹನ್ನೆರಡಕ್ಕೆ ಇಳಿದ. ಆರು ತಿಂಗಳಲ್ಲಿ ಮೂರೂವರೆ ಇಂಚು. ಅವಳು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು, ಹಸಿವಿಲ್ಲ ಎನ್ನುತ್ತಿದ್ದಳು. ಸಂಜೆ ಬಂದವಳೇ ಬೂಟು ಬಿಚ್ಚದೆ ಸೋಫಾದ ಮೇಲೆ ಒರಗುತ್ತಿದ್ದಳು. ಇದೆಲ್ಲ ಅವನ ಕಣ್ಣ ಮುಂದೆಯೇ ನಡೆಯಿತು. ಅವನು ಕಂಡದ್ದು ಮಾತ್ರ ಬೇರೆ. ನಲವತ್ತೈದಕ್ಕೆ ನನ್ನ ಹೆಂಡತಿಯ ಸೊಂಟ ಮದುವೆಯ ಕಾಲಕ್ಕೆ ವಾಪಸ್ ಹೊರಟಿದೆ ಎಂದು ಅವನು ಹಿಗ್ಗಿದ. ಒಂದು ದಿನ ಕೆಲಸದ ಮಧ್ಯೆ ಗೋಡೆಯ ಪಟ್ಟಿ ನೋಡಿ ತನ್ನಷ್ಟಕ್ಕೆ ನಕ್ಕನಂತೆ ಕೂಡ. ಇಪ್ಪತ್ತೆರಡು ವರ್ಷ ಅಳತೆಯಲ್ಲೇ ಮುಳುಗೆದ್ದ ಮನುಷ್ಯ, ಅಳತೆ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಲಿಲ್ಲ. ಮೂರ್ಖ ಅನ್ನದೆ ಇನ್ನೇನು ಅನ್ನಬೇಕು.

ಹೊಟ್ಟೆನೋವು ಶುರುವಾದಾಗ ಡಾಕ್ಟರ ಹತ್ತಿರ ಹೋದರು. ಆ ಬೀದಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ. ಇವರ ಹಿಂದಿನ ಚೀಟಿ, ಹಿಂದಿನ ತೂಕ ಯಾವುದೂ ಅವರ ಹತ್ತಿರ ಇರಲಿಲ್ಲ. ಮೂಲೆಯ ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿ ಅಂಕಿ ಬರೆದುಕೊಂಡರು.

"ನಿಮ್ಮ ಎತ್ತರಕ್ಕೆ ಈ ತೂಕ ಸರಿಯಾಗೇ ಇದೆ. ಈಚೆಗೇನಾದ್ರೂ ಇಳಿದಿದ್ಯಾ?" ಎಂದು ಕೇಳಿದರು.

"ತೂಕ ನೋಡ್ಕೊಂಡವಳಲ್ಲ ನಾನು" ಅಂದಳು ಅವಳು.

"ಬಟ್ಟೆ ಸಡಿಲ ಆಗೋದು, ಹಾಗೇನಾದ್ರೂ? ಯೋಚನೆ ಮಾಡಿ ಹೇಳಿ, ಇದು ಮುಖ್ಯ."

ಅವಳ ಮುಖ ಅರಳಿತು. ತನಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆ ಬಂದ ವಿದ್ಯಾರ್ಥಿಯ ಹಾಗೆ. "ಇಲ್ಲ ಡಾಕ್ಟ್ರೇ. ಹದಿನೆಂಟು ವರ್ಷದಿಂದ ಅದೇ ಹನ್ನೆರಡು ನಂಬರು. ಮೊನ್ನೆ ತಂದಿದ್ದೂ ಹನ್ನೆರಡೇ. ಬೇಕಾದ್ರೆ ಇವರನ್ನ ಕೇಳಿ, ತರೋದು ಇವರೇ, ಅದೇ ಇವರ ಕೆಲಸ."

ಡಾಕ್ಟರಮ್ಮ ಪೆನ್ಸಿಲು ಹಿಡಿದುಕೊಂಡೇ ಅವನ ಕಡೆ ನೋಡಿದರು.

ಆ ಕೋಣೆಯಲ್ಲಿ ನಿಜ ಗೊತ್ತಿದ್ದದ್ದು ಅವನೊಬ್ಬನಿಗೆ. ಆ ಕೋಣೆಯಲ್ಲೇಕೆ, ಪ್ರಪಂಚದಲ್ಲೇ ಅವನೊಬ್ಬನಿಗೆ. ಮೂವತ್ತೈದು, ಮೂವತ್ತಮೂರು, ಮೂವತ್ತೊಂದೂವರೆ. ಮೂರು ಅಂಕಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಅವನ ಕಡೆಗೇ ನೋಡುತ್ತಿದ್ದಳು, ಹೇಳಿ ಹೇಳಿ ಎನ್ನುವ ಹಾಗೆ, ಅದೇ ಜಂಬದ ನಗು ಇಟ್ಟುಕೊಂಡು. ಒಬ್ಬ ಹೊಸ ಹೆಂಗಸಿನ ಎದುರಿಗೆ, ತೂಕದ ಯಂತ್ರದಿಂದ ಈಗ ತಾನೇ ಇಳಿದು ಬರಿಗಾಲಲ್ಲಿ ನಿಂತಿದ್ದವಳಿಗೆ, ನಿನ್ನ ಹನ್ನೆರಡು ಹನ್ನೆರಡಲ್ಲ ಎಂದು ಹೇಗೆ ಹೇಳುವುದು?

"ಹೌದು. ಹನ್ನೆರಡೇ" ಅಂದ.

ಡಾಕ್ಟರಮ್ಮ ಬರೆದುಕೊಂಡರು. ಹೊಟ್ಟೆಯಲ್ಲಿ ಹುಳಿ ಜಾಸ್ತಿಯಾಗಿರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಹೇಳಿ ಮಾತ್ರೆ ಕೊಟ್ಟರು. "ತೂಕ ಇಳಿಯೋ ಹಾಗೆ ಕಂಡ್ರೆ ಮಾತ್ರ ತಕ್ಷಣ ಬನ್ನಿ" ಎಂದೂ ಹೇಳಿದರು.

ಹೊರಗೆ ಬಂದು ಕಾರಿನ ಬಾಗಿಲು ತೆಗೆಯುತ್ತಾ ಅವಳು, "ನೋಡಿದ್ರಾ, ಬರೀ ಹುಳಿ. ನಾನು ಏನೇನೋ ಅಂದ್ಕೊಂಡಿದ್ದೆ" ಅಂದಳು.

"ಅಲ್ಲಾ..." ಅಂದ ಅವನು.

"ಏನು?"

"ಏನಿಲ್ಲ. ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತು ಎಲ್ಲಿಗೆ ಹೋಗುತ್ತದೆ ಎಂದು ಯಾವ ಗಾದೆಯೂ ಹೇಳುವುದಿಲ್ಲ. ಮಾತ್ರೆ ತಿಂದು ಒಂದಷ್ಟು ದಿನ ಅವಳಿಗೆ ಹಾಯೆನಿಸಿದ್ದು ಅವನಿಗೂ ಹಾಯೆನಿಸಿತು. ಡಾಕ್ಟರು ಓದಿದವರು, ಹುಳಿ ಅಂದಿದ್ದಾರೆ, ಹುಳಿಯೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡ. ಅವರಿಗೆ ತಾನು ಕೊಟ್ಟ ಅಂಕಿಯ ಮೇಲೆ ಅವರು ಹಾಗೆ ಹೇಳಿದ್ದು ಎನ್ನುವುದನ್ನು ಮಾತ್ರ ಅದೇ ಮನಸ್ಸಿಗೆ ಹೇಳಲಿಲ್ಲ. ಮುಂದಿನ ಪಾಳಿಗೆ ಇಂಗ್ಲೆಂಡಿನ ಹನ್ನೆರಡು ತಂದ. ಮೂವತ್ತು ಇಂಚು, ಏಣಿಯ ಕೊನೇ ಮೆಟ್ಟಿಲು. ಅದನ್ನು ಹಾಕಿಕೊಂಡು ಅವಳು, "ಇದು ಯಾಕೋ ಮದುವೆ ಟೈಮಿನ ಪ್ಯಾಂಟಿನ ಹಾಗೇ ಇದೆ" ಅಂದಳು. ಅವಳು ಅಷ್ಟಕ್ಕೇ ಬಿಟ್ಟು ಕೆಲಸಕ್ಕೆ ಹೋದಳು.

ಇನ್ನು ಮೂರು ತಿಂಗಳಿಗೆ ಅದೂ ಸಡಿಲವಾಯಿತು. ಅವಳು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದಳು. ಕೆನ್ನೆಯ ಮೂಳೆ ಈಗ ಯಾರಿಗೂ ಕಾಣುವ ಹಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಡ್ರೈವಿಂಗ್ ಶಾಲೆಯವರು ಇಳಿದುಹೋಗಿದ್ದೀರಿ ಅಂದರೆ, "ಬಿಸಿಲಲ್ಲಿ ಸುತ್ತಿದ್ರೆ ಮುಖ ಒಣಗುತ್ತೆ. ನಂಬರು ಅದೇ ಇದೆಯಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅವರಿಗೆ ಕಂಡದ್ದಕ್ಕಿಂತ ಗಂಡ ತಂದ ಚೀಟಿಯನ್ನು ಅವಳು ಹೆಚ್ಚು ನಂಬಿದ್ದಳು.

ಪಾಳಿಯ ದಿನ ಮಾಸ್ತರ ಸೆಕೆಂಡ್ಸ್ ರಾಶಿಯ ಮುಂದೆ ಬಹಳ ಹೊತ್ತು ನಿಂತ. ಮಾಲು ಕೊಡುವ ಹೆಂಗಸಿಗೆ ಕಾರ್ಖಾನೆಯವರೆಲ್ಲ ಸೆಕೆಂಡ್ಸ್ ಅಮ್ಮ ಎನ್ನುತ್ತಿದ್ದರು. ಯಾರ ಮನೆಯಲ್ಲಿ ಯಾರ ನಂಬರು ಎಷ್ಟು ಎಂದು ಆಕೆಗೆ ನೆನಪು.

"ಏನ್ ಹುಡುಕ್ತಿದೀರಾ ಮಾಸ್ತರೇ? ನಿಮ್ಮ ಮನೆಯವರದು ಹನ್ನೆರಡು ತಾನೇ? ಅಗೋ ಅಲ್ಲೇ ಇದೆಯಲ್ಲ ನಾಲ್ಕು."

"ಇದಕ್ಕಿಂತ ಚಿಕ್ಕ ಹನ್ನೆರಡು ಇದ್ಯಾ?"

ಆಕೆ ಸೊಂಟದ ಮೇಲೆ ಕೈ ಇಟ್ಟಳು. "ಹನ್ನೆರಡರಲ್ಲಿ ಚಿಕ್ಕ ಹನ್ನೆರಡು, ದೊಡ್ಡ ಹನ್ನೆರಡು ಅಂತ ಕೇಳೋರು ನೀವೊಬ್ಬರೇ ನೋಡಿ" ಎಂದು ನಕ್ಕು, ಪಕ್ಕದ ರಾಶಿಗೆ ಕೈ ಹಾಕಿ ಒಂದು ಪ್ಯಾಂಟು ಎಳೆದು ಅವನ ಕಡೆ ಎಸೆದಳು. "ತಗೊಳ್ಳಿ, ಇದೂ ಹನ್ನೆರಡೇ. ಮಕ್ಕಳ ಆರ್ಡರಿಂದು. ಹನ್ನೆರಡು ವರ್ಷದ ಮಗೂದು. ಇವರದ್ದು ವಯಸ್ಸಿನ ನಂಬರು."

ಆಕೆ ತಮಾಷೆಗೆ ಕೊಟ್ಟದ್ದು. ಅವನು ಎರಡೂ ಕೈಯಲ್ಲಿ ಆ ಪ್ಯಾಂಟಿನ ಸೊಂಟ ಹಿಡಿದು, ಎಷ್ಟೋ ಸಾವಿರ ಸಲ ಹಿಡಿದ ಅಭ್ಯಾಸದಲ್ಲಿ ಸ್ವಲ್ಪ ಎಳೆದು ನೋಡಿದ. ಸರಿಹೋಗುತ್ತದೆ ಎಂದು ಕೈ ಹೇಳಿತು. ನಾಲ್ಕು ದಿನ ಹಾಕಿ ಸ್ವಲ್ಪ ಬಿಟ್ಟುಕೊಂಡರೆ ಸರಿಯಾಗಿ ಕೂರುತ್ತದೆ ಎಂದೂ ಹೇಳಿತು. ಕೈ ಹೇಳಿದ್ದು ತಲೆಗೆ ಏರಲು ಒಂದು ಗಳಿಗೆ ಹಿಡಿಯಿತು. ಏರಿದ ಮೇಲೆ ಅಲ್ಲೇ ಇದ್ದ ಮೂಟೆಯೊಂದರ ಮೇಲೆ ಕೂತುಬಿಟ್ಟ. ಸೆಕೆಂಡ್ಸ್ ಅಮ್ಮ ನೀರು ತಂದಳು. ಏನಾಯ್ತು ಮಾಸ್ತರೇ ಎಂದು ಎರಡು ಸಲ ಕೇಳಿದಳು. ಅವನು ಮಕ್ಕಳ ಪ್ಯಾಂಟನ್ನು ಮಡಿಸಿ, ಅಂಚು ಸರಿಮಾಡಿ, ಆಕೆಯ ಕೈಗೆ ವಾಪಸ್ ಕೊಟ್ಟ.

ಆ ದಿನ ಅರ್ಧ ರಜ ಹಾಕಿದ. ಹೊರಡುವ ಮುಂಚೆ ಮೇಜಿನ ಬಳಿ ಕೂತು ಒಂದು ಹಾಳೆಯಲ್ಲಿ ತಿಂಗಳು ಮತ್ತು ಇಂಚು ಬರೆದ. ಎಲ್ಲ ನೆನಪಿತ್ತು. ಡ್ರೈವಿಂಗ್ ಶಾಲೆಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೊರಟ. ದಾರಿಯಲ್ಲಿ ಹೇಳಬಹುದಿತ್ತು. ಇಪ್ಪತ್ತು ನಿಮಿಷದ ದಾರಿ, ಇಬ್ಬರೇ, ಕಾರಿನ ಕಿಟಕಿ ಮುಚ್ಚಿತ್ತು. "ಮಾತ್ರೆ ಬದಲಾಯಿಸಿ ಅಂತ ಕೇಳೋಣ" ಅಂದ. ಆಮೇಲೆ ಅವನು ಪಟ್ಟ ಪಶ್ಚಾತ್ತಾಪದಲ್ಲಿ ಈ ಇಪ್ಪತ್ತು ನಿಮಿಷದ್ದು ಬೇರೆಯೇ ಒಂದು ಪಾಲು.

ಡಾಕ್ಟರಮ್ಮ ತೂಕ ನೋಡಿದರು. ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಆರು ತಿಂಗಳಲ್ಲಿ ಇಷ್ಟು ಇಳಿದಿದೀರಿ. ಗೊತ್ತಾಗ್ಲಿಲ್ವಾ?" ಎಂದು ಕೇಳಿದರು. "ನಂಬರು ಅದೇ ಇದೆ ಡಾಕ್ಟ್ರೇ" ಅಂದಳು ಅವಳು, ಈ ಸಲ ನಗು ಇಲ್ಲದೆ.

ಆಗ ಅವನು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ನಿಂತುಕೊಂಡೇ ಹೇಳಿದ. ಹೋದ ವರ್ಷ ಈ ತಿಂಗಳು ಮೂವತ್ತೈದು ಇಂಚು. ಮೂರು ತಿಂಗಳಿಗೆ ಮೂವತ್ತಮೂರು. ಮೊದಲ ಸಲ ನಿಮ್ಮ ಹತ್ತಿರ ಬಂದಾಗ ಮೂವತ್ತೊಂದೂವರೆ. ಆಮೇಲೆ ಮೂವತ್ತು. ಈಗ ಇಪ್ಪತ್ತೇಳರ ಹತ್ತಿರ. ಚೀಟಿ ಮಾತ್ರ ಹನ್ನೆರಡು, ಯಾಕೆಂದರೆ ದೇಶ ಬದಲಾಯಿಸಿದೆ. ಅಮೆರಿಕದ ಹನ್ನೆರಡು ಬೇರೆ, ಇಂಗ್ಲೆಂಡಿನ ಹನ್ನೆರಡು ಬೇರೆ. ಅವನು ಹೊಸಬರಿಗೆ ಪಾಠ ಹೇಳಿ ಹೇಳಿ ಪಳಗಿದ್ದ ಕಾರಣಕ್ಕೋ ಏನೋ ಎಲ್ಲ ಬಹಳ ಸ್ಪಷ್ಟವಾಗಿ ಬಂತು. ಡಾಕ್ಟರಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಆರು ತಿಂಗಳ ಹಿಂದೆ ನಾನು ಕೇಳಿದಾಗ..." ಎಂದು ಶುರು ಮಾಡಿ ಅವರು ಅವನ ಮುಖ ನೋಡಿ ನಿಲ್ಲಿಸಿದರು. ಚೀಟಿ ಬರೆಯತೊಡಗಿದರು. ಸ್ಕ್ಯಾನು, ರಕ್ತ, ಇನ್ನೂ ಏನೇನೋ.

ಅವನ ಹೆಂಡತಿ ತನ್ನ ಮೊಣಕಾಲುಗಳನ್ನೇ ನೋಡುತ್ತಾ ಕೂತಿದ್ದಳು. ಬೆರಳಿನಿಂದ ಜೀನ್ಸಿನ ಹೊಲಿಗೆಯನ್ನು ಮೇಲಿಂದ ಕೆಳಕ್ಕೆ ಸವರುತ್ತಿದ್ದಳು.

ಕಾರನ್ನು ಅವಳೇ ಓಡಿಸಿದಳು. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಊರಿಗೆಲ್ಲ ಕಲಿಸಿದವಳು ಗಂಡನಿಗೆ ಕಲಿಸಲಾಗಲಿಲ್ಲ ಎನ್ನುವುದು ಮನೆಯ ಹಳೆಯ ತಮಾಷೆ. ಶಾಲೆಯ ಕಾರು ಅದು. ಅವನು ಅವಳು ದಿನವೂ ಕೂರುವ ಸೀಟಿನಲ್ಲಿ ಕೂತಿದ್ದ, ಕಾಲಿನ ಹತ್ತಿರ ಬ್ರೇಕು. ಎರಡು ಸಿಗ್ನಲ್ ದಾಟಿದರು. ಮೂರನೆಯದರಲ್ಲಿ ಕೆಂಪು ಬಿತ್ತು.

"ಮೂವತ್ತೈದು ಇಂಚಿದ್ನಾ ನಾನು?" ಅಂದಳು.

"ಹ್ಞೂಂ."

"ನಿಮ್ಮ ತಂಗಿ ಹೇಳಿದ್ದು ಸರಿ ಹಾಗಾದ್ರೆ."

ಅವನು ಕಾಲಿನ ಹತ್ತಿರದ ಬ್ರೇಕನ್ನು ನೋಡಿದ.

"ಅದು ಹೋಗ್ಲಿ ಬಿಡಿ. ದಪ್ಪ ಆದಾಗ ಹೇಳ್ಲಿಲ್ಲ, ನನ್ನ ಮನಸ್ಸಿಗೆ ನೋವಾಗುತ್ತೆ ಅಂತ. ಅದು ಅರ್ಥ ಆಗುತ್ತೆ. ಆದ್ರೆ ಡಾಕ್ಟ್ರು ಕೇಳ್ದಾಗ?" ಅವಳ ಕೈ ಸ್ಟೀರಿಂಗಿನ ಮೇಲೇ ಇತ್ತು, ಕಣ್ಣು ರಸ್ತೆಯ ಮೇಲೆ. "ನಾನು ಕಲಿಯೋರಿಗೆ ದಿನಾ ಹೇಳ್ತೀನಿ, ಭಯ ಪಡಬೇಡಿ, ನೀವು ನೋಡ್ದೇ ಹೋದ್ರೂ ನಾನು ನೋಡ್ತಿರ್ತೀನಿ, ನನ್ನ ಹತ್ರಾನೂ ಬ್ರೇಕ್ ಇದೆ ಅಂತ. ನನ್ನ ಮೈ ನನಗೇ ಗೊತ್ತಿರ್ಲಿಲ್ಲ ಕಣ್ರೀ. ಗೊತ್ತಿದ್ದೋರು ನೀವೊಬ್ರೇ. ಪಕ್ಕದಲ್ಲೇ ಕೂತಿದ್ರಿ."

"ತಪ್ಪಾಯ್ತು" ಅಂದ.

ಹಸಿರು ಬಿತ್ತು. ಹಿಂದಿನವರು ಹಾರನ್ ಹೊಡೆದರು. ಅವಳು ಗಾಡಿ ಎತ್ತಿದಳು.

ಪರೀಕ್ಷೆಗಳು ಮುಗಿಯಲು ಹತ್ತು ದಿನ ಹಿಡಿಯಿತು. ಹೊಟ್ಟೆಯೊಳಗೆ ಗಡ್ಡೆ ಇತ್ತು. ಅದು ಇದ್ದಲ್ಲಿಯೇ ಇರದೆ ಪಕ್ಕಕ್ಕೂ ಬೇರು ಬಿಟ್ಟಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಈಗ ಕೊಯ್ದು ತೆಗೆಯುವ ಹಾಗಿಲ್ಲ, ಔಷಧಿಯಿಂದ ಎಷ್ಟು ದಿನ ತಡೆಯಬಹುದೋ ತಡೆಯೋಣ ಎಂದರು. ಆರು ತಿಂಗಳ ಹಿಂದೆ ಬಂದಿದ್ದರೆ ಎಂದು ಮಾಸ್ತರ ಕಾರಿಡಾರಿನಲ್ಲಿ ಅವರ ಹಿಂದೆ ಹೋಗಿ ಕೇಳಿದ. "ಆಗ ತೆಗೀಬಹುದಿತ್ತೇನೋ. ಖಂಡಿತ ಅಂತ ಹೇಳಲಾರೆ" ಎಂದರು. ಆ "ಏನೋ" ಅವನ ಬೆನ್ನು ಬಿಡಲಿಲ್ಲ. ಖಂಡಿತ ಆಗುತ್ತಿತ್ತು ಎಂದಿದ್ದರೆ ತಲೆ ಚಚ್ಚಿಕೊಳ್ಳಬಹುದಿತ್ತು, ಆಗುತ್ತಿರಲಿಲ್ಲ ಎಂದಿದ್ದರೆ ಹೇಗೋ ಬದುಕಬಹುದಿತ್ತು. ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ತಂಗಿ ಫೋನಿನಲ್ಲಿ ಸಮಾಧಾನ ಹೇಳಿದಳು. ಫಲಕ್ಕಾಗಿ ಯಾರು ಚಿಂತಿಸುತ್ತಾರೆ? ಮಗಳು ರಜ ಹಾಕಿ ಬಂದಳು. ವಿಷಯ ತಿಳಿದ ಮೇಲೆ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವನ ತಟ್ಟೆಗೂ ಊಟ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು.

ಔಷಧಿಯ ಪ್ರಮಾಣ ತೂಕದ ಮೇಲೆ ಹೋಗುತ್ತದಂತೆ. ಪ್ರತಿ ಭಾನುವಾರ ತೂಕವನ್ನೂ ಹೊಕ್ಕುಳ ಮೇಲಿನ ಸುತ್ತಳತೆಯನ್ನೂ ಬರೆದಿಡಿ, ಒಂದಿಂಚು ಹೆಚ್ಚಾದರೂ ಕಡಿಮೆಯಾದರೂ ನಮಗೆ ಗೊತ್ತಾಗಬೇಕು ಎಂದು ಹೇಳಿ ಆಸ್ಪತ್ರೆಯವರು ಒಂದು ಪುಟ್ಟ ಪುಸ್ತಕ ಕೊಟ್ಟಿದ್ದರು. ಮೊದಲ ಭಾನುವಾರ ಬೆಳಗ್ಗೆ, ನಡುಮನೆಯ ಕಿಟಕಿಯಿಂದ ಬೆಳಕು ಚೆನ್ನಾಗಿ ಬರುವ ಕಡೆ ಅವಳು ನಿಂತಳು. ಶರ್ಟು ಎತ್ತಿ ಹಿಡಿದುಕೊಂಡಳು. ಅವನು ಟೇಪು ತಂದ. ಅವಳ ಸೊಂಟಕ್ಕೆ ಅವನು ಟೇಪು ಸುತ್ತಿದ್ದು ಅದೇ ಮೊದಲು. ಇಷ್ಟು ವರ್ಷ ಕಣ್ಣೇ ಸಾಕಾಗಿತ್ತು.

ಸುತ್ತಿ, ತುದಿ ಕೂಡಿಸಿದ. ಅವನು ಅಂದಾಜು ಮಾಡಿದ್ದಕ್ಕಿಂತ ತುದಿ ಮುಂದೆ ಹೋಗಿ ನಿಂತಿತು. ಇಪ್ಪತ್ತಾರು. ಅವಳ ಪಕ್ಕೆಲುಬು ಅವನ ಬೆರಳಿಗೆ ತಾಕುತ್ತಿತ್ತು. ಉಸಿರಾಡಿದಾಗ ಏಳುವುದು, ಇಳಿಯುವುದು ಎಲ್ಲ ಗೊತ್ತಾಗುತ್ತಿತ್ತು.

"ಎಷ್ಟು?" ಅಂದಳು.

ಅವನು ತಲೆ ಎತ್ತಿದ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕಾಯುತ್ತಿದ್ದಳು. ಮುಖದಲ್ಲಿ ಭಯ ಇತ್ತು, ಅವನು ಇಪ್ಪತ್ತು ವರ್ಷದಲ್ಲಿ ಅಲ್ಲಿ ನೋಡದ ಭಯ. ಏನು ಹೇಳಬೇಕು ಎಂದು ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ.

"ಇಪ್ಪತ್ತೆಂಟು" ಅಂದ.

ಅವಳು ಅವನ ಬೆರಳಿದ್ದ ಜಾಗದಲ್ಲಿ ತನ್ನ ಹೆಬ್ಬೆರಳು ಒತ್ತಿ, ಟೇಪನ್ನು ಸೊಂಟದಿಂದ ಬಿಡಿಸಿ ಕಣ್ಣಿನ ಹತ್ತಿರ ತಂದಳು. ಕನ್ನಡಕ ಇರಲಿಲ್ಲ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ಮಾಡಿ ಓದಿದಳು. ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಸೊಂಟದ ಸುತ್ತ ತಂದಳು.

"ನೀವು ತುದಿ ಹಿಡ್ಕೊಳ್ಳಿ, ಸಾಕು" ಅಂದಳು. "ಇನ್ಮೇಲೆ ಓದೋದು ನಾನು."

ಅವನು ತುದಿ ಹಿಡಿದುಕೊಂಡು ನಿಂತ. ಅವಳು ಇನ್ನೊಮ್ಮೆ ಓದಿ, ಪುಸ್ತಕ ತೆಗೆದು, ಇಪ್ಪತ್ತಾರು ಎಂದು ಬರೆದಳು.